ಸೆರಗು ಹೊದ್ದ ಕಾರ್ಖಾನೆ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗ್ಲಾಸ್ಗೋ ಗ್ರೀನ್ ಮೈದಾನದ ಅಂಚಿನಲ್ಲಿರುವ ಟೆಂಪಲ್‌ಟನ್ ಜಮಖಾನೆ ಕಾರ್ಖಾನೆ ಹೊಸಬರ ಕಣ್ಣಿಗೆ ಅರಮನೆಯಂತೆಯೇ ಕಾಣುತ್ತದೆ. ಕೆಂಪು ಇಟ್ಟಿಗೆಯ ನಡುವೆ ನೀಲಿ, ಹಳದಿ ಹೊಳಪಿನ ಇಟ್ಟಿಗೆಗಳನ್ನು ಸೇರಿಸಿ ಗೋಡೆಯ ತುಂಬ ಚಿತ್ತಾರ ಬಿಡಿಸಲಾಗಿದೆ. ಚೂಪು ಕಮಾನಿನ ಕಿಟಕಿಗಳು, ಗುಂಡು ಕಿಟಕಿಗಳು, ನೆತ್ತಿಯಲ್ಲಿ ಕೋಟೆಯ ತೆನೆಗಳು. ಇಳಕಲ್ ಸೀರೆಯ ಸೆರಗನ್ನು ಇಟ್ಟಿಗೆಯಲ್ಲಿ ನೇಯ್ದರೆ ಹೀಗಿದ್ದೀತು.

ಟೆಂಪಲ್‌ಟನ್ ಕಂಪನಿ ಬೆಳೆದದ್ದು ಶೆನೀಲ್ ಜಮಖಾನೆಯಿಂದ. ಇದರ ಹಕ್ಕುಪತ್ರವನ್ನು ಜೇಮ್ಸ್ ಟೆಂಪಲ್‌ಟನ್ 1839ರಲ್ಲಿ ಪಡೆದ. ಇದು ಎರಡು ಸಲ ನೇಯುವ ಕೆಲಸ. ಮೊದಲು ಬಣ್ಣಬಣ್ಣದ ಹೊಕ್ಕು ಹಾಕಿ ಒಂದು ಬಟ್ಟೆ ನೇಯ್ದು, ಅದನ್ನು ಉದ್ದಕ್ಕೆ ಸೀಳುತ್ತಾರೆ. ಕಂಬಳಿಹುಳದಂತೆ ರೋಮವೆದ್ದ ಆ ಪಟ್ಟಿಗಳೇ ಎರಡನೆಯ ಮಗ್ಗದಲ್ಲಿ ಹೊಕ್ಕಾಗುತ್ತವೆ. ರಬಕವಿ–ಬನಹಟ್ಟಿಯ ನೇಕಾರರಿಗೆ ಇದರ ಜಾಣತನ ಬಿಡಿಸಿ ಹೇಳಬೇಕಿಲ್ಲ.

ಕಾರ್ಖಾನೆ ಹಿಗ್ಗಿಸಲು ಹೊರಟಾಗ ನಗರಸಭೆ ತಕರಾರು ತೆಗೆಯಿತು. ಊರಿನವರೆಲ್ಲ ಅಡ್ಡಾಡುವ ಮೈದಾನದೆದುರು ಬೋಳು ಗೋಡೆ ಏಳುವುದು ಅದಕ್ಕೆ ಬೇಡವಾಗಿತ್ತು. ಹಲವು ನಕಾಶೆಗಳು ತಿರಸ್ಕೃತವಾದ ಮೇಲೆ ಕಂಪನಿ ವಾಸ್ತುಶಿಲ್ಪಿ ವಿಲಿಯಂ ಲೈಪರ್ ಮೊರೆಹೊಕ್ಕಿತು. ಆತ ಮಾದರಿಯಾಗಿ ಆರಿಸಿಕೊಂಡದ್ದು ವೆನಿಸ್ಸಿನ ದೊರೆಗಳ ಅರಮನೆಯನ್ನು. ಮುಖ ಮಾತ್ರ ವೆನಿಸ್ಸಿನದು, ಒಳಗೆ ಮಗ್ಗಗಳ ಗದ್ದಲವೇ.

1889ರ ನವೆಂಬರ್ 1ರಂದು, ಇನ್ನೂ ಕಟ್ಟುತ್ತಿದ್ದ ಈ ಗೋಡೆ ಬಿರುಗಾಳಿಗೆ ಕುಸಿಯಿತು. ಪಕ್ಕದ ಮಗ್ಗದ ಶೆಡ್ಡುಗಳಲ್ಲಿ ಹೆಣ್ಣುಮಕ್ಕಳು ದುಡಿಯುತ್ತಿದ್ದರು. ಇಟ್ಟಿಗೆಯ ರಾಶಿ ಅವರ ಮೇಲೆಯೇ ಬಿದ್ದು 29 ಮಂದಿ ಸತ್ತರು. ಅಲಂಕಾರದ ಗೋಡೆಯನ್ನು ಹಿಂದಿನ ಕಟ್ಟಡಕ್ಕೆ ಭದ್ರವಾಗಿ ಬಿಗಿದಿರಲಿಲ್ಲ. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಆ ಕೊಂಡಿಯಿಲ್ಲದೆ ಸೆರಗು ನಿಲ್ಲದು. ಇಲ್ಲಿ ತಪ್ಪಿದ್ದು ಅಂಥ ಕೊಂಡಿಯೇ.

ಗೋಡೆಯನ್ನು ಮತ್ತೆ ಎಬ್ಬಿಸಿದರು. 1892ರ ಹೊತ್ತಿಗೆ ಕಟ್ಟಡ ಮುಗಿಯಿತು. ಜಮಖಾನೆ ನೇಯ್ಗೆ 1979ರವರೆಗೆ ನಡೆಯಿತು. ಆಮೇಲೆ, 1980ರ ದಶಕದಲ್ಲಿ, ಮಗ್ಗಗಳಿದ್ದ ಜಾಗ ಕಚೇರಿಗಳ ಪಾಲಾಯಿತು. ಮುಂದೆ ಅಲ್ಲಿ ವಾಸದ ಮನೆಗಳೂ, ಬಿಯರ್ ತಯಾರಿಸಿ ಊಟದೊಂದಿಗೆ ಬಡಿಸುವ ಒಂದು ಹೋಟೆಲೂ ಬಂದವು.

ಚಿತ್ತಾರವೆಲ್ಲ ಹೊರಗೋಡೆಯಲ್ಲೇ ಇರುವುದರಿಂದ ಅದನ್ನು ಮೈದಾನದಲ್ಲಿ ನಿಂತೇ ನೋಡಬಹುದು. ಇಳಿಬಿಸಿಲು ಬಿದ್ದಾಗ ಹೊಳಪಿನ ಇಟ್ಟಿಗೆಗಳು ಎದ್ದು ಕಾಣುತ್ತವೆ. ಸತ್ತ ಹೆಣ್ಣುಮಕ್ಕಳ ಸ್ಮಾರಕ ಹತ್ತಿರದಲ್ಲಿದೆ. ಕಾರ್ಖಾನೆಯೆದುರು ಹುಲ್ಲಿನ ಮೇಲೆ ಸಾಲಾಗಿ ಕಬ್ಬಿಣದ ಕಂಬಗಳು ನಿಂತಿವೆ; ಸುತ್ತಲಿನ ಬಡಾವಣೆಗಳ ಹೆಂಗಸರು ಒಗೆದ ಬಟ್ಟೆ ಒಣಹಾಕಲು ಹಗ್ಗ ಕಟ್ಟುತ್ತಿದ್ದ ಕಂಬಗಳವು.