ನೆತ್ತಿ ಸುಡೋ ಹೊಸ ಮನೆ

ಸಾಲ ಮಾಡಿ ಮನೆ ಕಟ್ಟಿದ್ದಾಯ್ತು, ಗೃಹಪ್ರವೇಶವೂ ಆಯ್ತು. ಮೊದಲ ಬೇಸಿಗೆಗೇ ಮೇಲಿನ ಮಹಡಿ ಕಾದ ಕಾವಲಿ! ರಾತ್ರಿ ಹತ್ತಾದರೂ ಫ್ಯಾನ್ ಹಾಕಿದ್ರೆ ಬಿಸಿಗಾಳಿ. ಕೊನೆಗೆ ಎಸಿ, ಅದರ ಹಿಂದೆ ಕರೆಂಟ್ ಬಿಲ್.

ಇದಕ್ಕೊಂದು ನಿಯಮ ಇದೆ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಇಂಧನ ಸಚಿವಾಲಯ ತಂದ 'ಇಕೋ ನಿವಾಸ್ ಸಂಹಿತಾ'. ಅದರ ಪ್ರಕಾರ ತಾರಸಿಯ ಯು-ವ್ಯಾಲ್ಯೂ, ಅಂದ್ರೆ ಶಾಖ ಎಷ್ಟು ಸಲೀಸಾಗಿ ಒಳನುಗ್ಗುತ್ತೆ ಅನ್ನೋ ಅಳತೆ, 1.2 ಮೀರಬಾರದು. ನಾವು ಹಾಕೋ ಬರೀ ಆರ್‌ಸಿಸಿ ಸ್ಲ್ಯಾಬ್‌ನದು ಸಾಮಾನ್ಯವಾಗಿ 3 ದಾಟುತ್ತೆ. ಹಾಗಾಗಿ ಇನ್ಸುಲೇಷನ್ ಪದರ ಬೇಕೇ ಬೇಕು.

ಆದರೆ ಸಂಹಿತೆ ಅನ್ವಯಿಸೋದು 500 ಚದರ ಮೀಟರ್ ಮೇಲ್ಪಟ್ಟ ನಿವೇಶನಕ್ಕೆ. ಬೆಂಗಳೂರಿನ ಥರ್ಟಿ-ಫಾರ್ಟಿ ಸೈಟು? ಸುಮಾರು 111. ಲೆಕ್ಕಕ್ಕೇ ಇಲ್ಲ! ಈ ಮಿತಿ ಇಳಿಸೋ ಅವಕಾಶವನ್ನು ಸಂಹಿತೆಯೇ ರಾಜ್ಯಗಳಿಗೆ, ನಗರಸಂಸ್ಥೆಗಳಿಗೆ ಕೊಟ್ಟಿದೆ.

ದೊಡ್ಡ ಕಟ್ಟಡಕ್ಕೂ ನಕ್ಷೆಯಲ್ಲಿ ಬರೆದರೆ ಸಾಲದು. ಮೇಲೆ ಟೈಲ್ಸ್ ಬಿದ್ದರೆ ಒಳಗೇನಿದೆ ಅಂತ ಯಾರಿಗೆ ಕಾಣುತ್ತೆ? ಮೋಲ್ಡ್ ಹಾಕೋ ಮುಂಚೆ ಎಂಜಿನಿಯರ್ ಬಂದು ಕಂಬಿ ನೋಡ್ತಾರಲ್ಲ, ಹಾಗೇ ಈ ಪದರವನ್ನೂ ಮುಚ್ಚೋ ಮುಂಚೆ ನೋಡಬೇಕು. ಸದ್ಯಕ್ಕೆ, ಮನೆ ಕಟ್ಟಿಸ್ತಿರೋರೇ ಆ ದಿನ ಮಹಡಿ ಹತ್ತಿ ಒಂದು ಫೋಟೊ ತೆಗೆದಿಟ್ಕೊಳ್ಳಿ.