ಪುಟ್ಟ ಗಣಕಗಳಲ್ಲಿ ವಿಭಾಜಕ ಹೈಪರ್‌ವೈಸರ್

ಕೆರೆಯ ನೀರನ್ನು ಹಂಚುವುದಕ್ಕೆ ಎರಡು ಬಗೆಯ ಏರ್ಪಾಟುಗಳುಂಟು. ಒಂದೇ ಕಾಲುವೆಯ ನೀರನ್ನು ನೀರಗಂಟಿಯು ಸರದಿಯ ಮೇಲೆ ಗದ್ದೆಯಿಂದ ಗದ್ದೆಗೆ ತಿರುಗಿಸುವುದು ಒಂದು. ಒಂದೊಂದು ಬಯಲಿಗೂ ಬೇರೆ ತೂಬನ್ನೇ ಇರಿಸುವುದು ಇನ್ನೊಂದು. ಮೊದಲನೆಯದರಲ್ಲಿ ನೀರು ಪೋಲಾಗದು, ಆದರೆ ಸರದಿಗಾಗಿ ಕಾಯಬೇಕು. ಎರಡನೆಯದರಲ್ಲಿ ಕಾಯುವುದಿಲ್ಲ, ಆದರೆ ಒಂದು ತೂಬು ಸುಮ್ಮನಿರುವಾಗ ಅದರ ಪಾಲು ಇನ್ನೊಬ್ಬರಿಗೆ ದಕ್ಕದು. ಒಂದೇ ಗಣಕಯಂತ್ರದಲ್ಲಿ ಹಲವು ವ್ಯವಸ್ಥೆಗಳನ್ನು ನಡೆಸುವ ಹೈಪರ್‌ವೈಸರುಗಳಲ್ಲಿಯೂ ಈ ಎರಡು ಜಾತಿಗಳಿವೆ. ಸಾಮಾನ್ಯವಾದುದು ನೀರಗಂಟಿಯಂತೆ ಸಂಸ್ಕಾರಕದ ಕಾಲವನ್ನು ತುಂಡುಮಾಡಿ ಹಂಚುತ್ತದೆ. ವಿಭಾಜಕ ಹೈಪರ್‌ವೈಸರ್ ಹಾಗೆ ಮಾಡದೆ, ಒಂದೊಂದು ಕೋರನ್ನೂ ಸ್ಮೃತಿಯ ಒಂದೊಂದು ಭಾಗವನ್ನೂ ಒಂದೊಂದು ಕಾರ್ಯಕ್ಕೆ ಬರೆದುಕೊಟ್ಟು ದೂರ ಸರಿಯುತ್ತದೆ.

ಇದರ ಅಗತ್ಯವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನವರೆಗೆ ಹಿನ್ನೀರನ್ನು ಚಾಚಿರುವ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು ಕೊಚ್ಚಿಹೋಯಿತು. ಕಡಿದದ್ದು ಸರಪಳಿ, ಯಾವ ಗಣಕವೂ ಅದನ್ನು ಹಿಡಿದು ನಿಲ್ಲಿಸುತ್ತಿರಲಿಲ್ಲ. ಆದರೂ ಇಂತಹ ಪ್ರಸಂಗಗಳ ತರುವಾಯ ಗೇಟುಗಳ ಮೇಲೆ ಯಾಂತ್ರಿಕ ಕಾವಲನ್ನಿಡುವ ಮಾತು ಬರುವುದು ಸಹಜ. ತಾಲ್ಲೂಕಿನ ಮಾಲವಿ ಜಲಾಶಯದಂತಹ ಚಿಕ್ಕ ಕಟ್ಟಡಕ್ಕೆ ಅಗ್ಗದ ಪುಟ್ಟ ಗಣಕವೇ ಸಾಕೆಂದು ಯಾರಿಗಾದರೂ ತೋರಬಹುದು. ಆಗ ಅದೇ ಹಲಗೆಯ ಮೇಲೆ ಎರಡು ಕಾರ್ಯಗಳು ಕೂಡುತ್ತವೆ. ನೀರಿನ ಮಟ್ಟವನ್ನೂ ಚಿತ್ರವನ್ನೂ ಕಚೇರಿಗೆ ಕಳುಹಿಸುವುದು ಅರ್ಧ ನಿಮಿಷ ತಡವಾದರೂ ಚಿಂತೆಯಿಲ್ಲ. ಗೇಟನ್ನೆತ್ತುವ ಮೋಟಾರು ಮಾತ್ರ ಮಿತಿ ಮುಟ್ಟಿದೊಡನೆ ನಿಲ್ಲಲೇಬೇಕು. ಆ ಕ್ಷಣದಲ್ಲಿ ಯಂತ್ರವು ಚಿತ್ರ ಕಳುಹಿಸುವುದರಲ್ಲಿ ಮಗ್ನವಾಗಿರಕೂಡದು.

ಬೇರ್ಪಡಿಸುವಿಕೆಯೇ ಭದ್ರತೆಯ ತಳಹದಿಯೆಂಬ ವಿಚಾರವನ್ನು ಜಾನ್ ರಶ್ಬಿ 1981ರಲ್ಲಿಯೇ ಪ್ರತಿಪಾದಿಸಿದ್ದರು. ಪುಟ್ಟ ಗಣಕಗಳಿಗೆ ಅದನ್ನು ತಂದವುಗಳಲ್ಲಿ ಸೀಮೆನ್ಸ್ ಸಂಸ್ಥೆಯು 2013ರಲ್ಲಿ ಮುಕ್ತವಾಗಿ ಪ್ರಕಟಿಸಿದ ಜೈಲ್‌ಹೌಸ್ ಗಮನಾರ್ಹವಾದುದು. ಹೆಸರಿಗೆ ತಕ್ಕಂತೆ ಅದರ ವಿಭಾಗಗಳು ಸೆಲ್ಲುಗಳು, ಒಳಗಿನ ಕ್ರಮವಿಧಿಗಳು ಸೆರೆಯಾಳುಗಳು. ಇದರ ವಿಶೇಷವೆಂದರೆ ಇದು ಲಿನಕ್ಸಿಗಿಂತ ಮೊದಲು ಏಳುವುದಿಲ್ಲ. ಲಿನಕ್ಸ್ ಎದ್ದು ಯಂತ್ರಾಂಗಗಳನ್ನೆಲ್ಲ ಸಿದ್ಧಪಡಿಸಿದ ಮೇಲೆ ಜೈಲ್‌ಹೌಸ್ ಅದರ ಕೆಳಗೆ ನುಸುಳಿ ಒಡೆತನವನ್ನು ವಹಿಸಿಕೊಳ್ಳುತ್ತದೆ. ಅಷ್ಟುಹೊತ್ತು ಯಜಮಾನನಾಗಿದ್ದ ಲಿನಕ್ಸ್ ಆ ಕ್ಷಣದಿಂದ ಮೂಲಸೆಲ್ಲಿನ ನಿವಾಸಿ ಮಾತ್ರ. ಸಿದ್ಧತೆಯ ಭಾರವೆಲ್ಲ ಲಿನಕ್ಸಿನ ಮೇಲೆ ಬೀಳುವುದರಿಂದಲೇ ಹೈಪರ್‌ವೈಸರು ಚಿಕ್ಕದಾಗಿ, ಪರೀಕ್ಷಿಸಲು ಸುಲಭವಾಗಿ ಉಳಿಯುತ್ತದೆ.

ಎರಡು ಕೋರುಗಳೂ ಒಂದು ಗಿಗಾಬೈಟ್ ಸ್ಮೃತಿಯೂ ಉಳ್ಳ ಬನಾನ ಪೈ ಹಲಗೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲು ಯು-ಬೂಟ್ ಎಂಬ ಆರಂಭಕ ಕ್ರಮವಿಧಿಯು ಸಂಸ್ಕಾರಕವನ್ನು ಮೇಲಧಿಕಾರದ ಸ್ಥಿತಿಯಲ್ಲಿಯೇ ಲಿನಕ್ಸಿಗೆ ಒಪ್ಪಿಸಬೇಕು. ಇದಾಗದಿದ್ದರೆ ಮುಂದಿನದಾವುದೂ ಸಾಗದು. ಎರಡನೆಯದಾಗಿ, 932 ಮೆಗಾಬೈಟ್ ಮಾತ್ರ ನಿನ್ನದೆಂದು ಲಿನಕ್ಸಿಗೆ ಆರಂಭದಲ್ಲಿಯೇ ತಿಳಿಸಿ ಉಳಿದುದನ್ನು ಕಾದಿರಿಸಬೇಕು. ಅನಂತರ ಜೈಲ್‌ಹೌಸನ್ನು ಅದೇ ಲಿನಕ್ಸಿನ ಆವೃತ್ತಿಗೆ ಹೊಂದುವಂತೆ ಕಟ್ಟಿ, ಮಾಡ್ಯೂಲನ್ನು ಸೇರಿಸಿ, ಮೂಲಸೆಲ್ಲಿನ ವಿನ್ಯಾಸವನ್ನು ಕೊಟ್ಟು ಚಾಲನೆ ಮಾಡಬೇಕು. ಆಮೇಲೆ ಹೊಸ ಸೆಲ್ಲನ್ನು ಸೃಷ್ಟಿಸುವುದು, ಅದರೊಳಕ್ಕೆ ಕ್ರಮವಿಧಿಯನ್ನು ತುಂಬುವುದು, ಪ್ರಾರಂಭಿಸುವುದು—ಮೂರೇ ಆಜ್ಞೆಗಳು. ಸೃಷ್ಟಿಯ ಕ್ಷಣದಲ್ಲಿ ಎರಡನೆಯ ಕೋರು ಲಿನಕ್ಸಿನ ಲೆಕ್ಕದಿಂದ ಮಾಯವಾಗುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣಬಹುದು.

ಆಜ್ಞೆಗಳು ಸುಲಭ, ಶ್ರಮವಿರುವುದು ವಿನ್ಯಾಸವನ್ನು ಬರೆಯುವುದರಲ್ಲಿ. ಅದು ಜಮೀನಿನ ಪಹಣಿಯಂತಹ ಪಟ್ಟಿ: ಸ್ಮೃತಿಯ ಈ ವಿಳಾಸದಿಂದ ಇಷ್ಟು ವಿಸ್ತಾರ, ಓದಬಹುದೇ, ಬರೆಯಬಹುದೇ, ಅಲ್ಲಿಂದ ಆಜ್ಞೆಗಳನ್ನು ನಡೆಸಬಹುದೇ, ಯಾವ ಕೋರು, ಯಾವ ಅಡಚಣೆಸಂಕೇತ ಯಾರದು. ಗಡಿ ಮೀರಿದ ಸೆಲ್ಲಿನ ಕೋರನ್ನು ಹೈಪರ್‌ವೈಸರು ನಿಲ್ಲಿಸಿಬಿಡುತ್ತದೆ. ಒಂದು ಸಾಲು ಬಿಟ್ಟುಹೋದರೂ ನಿರಪರಾಧಿಯಾದ ಕ್ರಮವಿಧಿಯು ತನ್ನ ಜಾಗದಲ್ಲಿಯೇ ಅಪರಾಧಿಯಾಗುತ್ತದೆ. ಬೇಸರದ ಕೆಲಸವೇ ಸರಿ. ಆದರೆ ಯಂತ್ರದ ಅಂಗರಚನೆಯನ್ನು ಕಲಿಸುವುದಕ್ಕೆ ಇದಕ್ಕಿಂತ ಉತ್ತಮವಾದ ಪಾಠವನ್ನು ನಾನು ಕಾಣೆ.

ಈ ಗೋಡೆ ಎಷ್ಟು ಗಟ್ಟಿ ಎಂಬುದು ಮುಖ್ಯ ಪ್ರಶ್ನೆ. ಕೋರುಗಳು ಬೇರೆಯಾದರೂ ಅವುಗಳ ಎರಡನೆಯ ಹಂತದ ಕ್ಯಾಶೆಯೂ ಸ್ಮೃತಿಗೆ ಹೋಗುವ ದಾರಿಯೂ ಒಂದೇ. ಲಿನಕ್ಸ್ ಅಲ್ಲಿ ಗದ್ದಲವೆಬ್ಬಿಸಿದರೆ ನೆರೆಯ ಸೆಲ್ಲಿಗೂ ತಡವಾಗುತ್ತದೆ. ತೂಬುಗಳು ಬೇರೆ, ಕೆರೆ ಒಂದೇ. ಇದಕ್ಕಿಂತ ಗಂಭೀರವಾದುದು ಸಂಸ್ಕಾರಕದ ಮೂಲಕ ಹಾಯದೆ ನೇರವಾಗಿ ಸ್ಮೃತಿಗೆ ಬರೆಯಬಲ್ಲ ಜಾಲ, ಶೇಖರಣೆ ಮುಂತಾದ ಉಪಕರಣಗಳ ವಿಷಯ. ಅವುಗಳನ್ನು ತಡೆಯಲು ಐಒಎಂಎಂಯು ಎಂಬ ಪ್ರತ್ಯೇಕ ಅಂಗ ಬೇಕು. ಬನಾನ ಪೈಯಲ್ಲಿ ಅದಿಲ್ಲ. 2019ರಲ್ಲಿ ಬಂದ, ನಾಲ್ಕು ಕೋರುಗಳ ರಾಸ್ಪ್‌ಬೆರಿ ಪೈ 4ರಲ್ಲಿಯೂ ಜೈಲ್‌ಹೌಸ್ ಬಳಸಿಕೊಳ್ಳುವಂಥದಿಲ್ಲ. ಆದುದರಿಂದ ಈ ಹಲಗೆಗಳಲ್ಲಿ ವಿಭಜನೆಯು ಲಿನಕ್ಸಿನ ಅಕಸ್ಮಾತ್ ತಪ್ಪುಗಳಿಂದ ಬಹುಮಟ್ಟಿಗೆ ಕಾಪಾಡುತ್ತದೆ. ಲಿನಕ್ಸನ್ನು ವಶಪಡಿಸಿಕೊಂಡ ದ್ರೋಹಿಯಿಂದ ಕಾಪಾಡಲಾರದು. ಗೇಟಿನ ಮೋಟಾರನ್ನು ಇಂತಹ ಹಲಗೆಗೆ ಒಪ್ಪಿಸುವವರು ಮಿತಿಯಲ್ಲಿ ವಿದ್ಯುತ್ತನ್ನೇ ಕಡಿಯುವ ಸ್ವಿಚ್ಚನ್ನು ಕಳಚಬಾರದು.

ಕಾಲೇಜಿನಲ್ಲಿ ಇದನ್ನು ಪರೀಕ್ಷಿಸಬಯಸುವವರಿಗೆ ಜೈಲ್‌ಹೌಸಿನೊಡನೆಯೇ ಒಂದು ಮಾದರಿ ಕ್ರಮವಿಧಿ ದೊರೆಯುತ್ತದೆ. ಗಡಿಯಾರದ ಸಂಕೇತ ನಿಯಮಿತ ಕಾಲಕ್ಕಿಂತ ಎಷ್ಟು ತಡವಾಗಿ ಬಂದಿತೆಂಬುದನ್ನು ಅದು ನ್ಯಾನೋಸೆಕೆಂಡುಗಳಲ್ಲಿ ಮುದ್ರಿಸುತ್ತಿರುತ್ತದೆ. ಲಿನಕ್ಸ್ ಸುಮ್ಮನಿರುವಾಗ ಒಮ್ಮೆ, ದೊಡ್ಡ ಕಡತಗಳನ್ನು ನಕಲು ಮಾಡುತ್ತಿರುವಾಗ ಇನ್ನೊಮ್ಮೆ ಅಂಕಿಗಳನ್ನು ಬರೆದುಕೊಳ್ಳಬೇಕು. ಸರಾಸರಿಯನ್ನು ನೋಡಿ ತೃಪ್ತರಾಗದೆ, ಅತಿ ಹೆಚ್ಚು ತಡವಾದ ಒಂದು ಅಂಕಿಯನ್ನು ಹುಡುಕಬೇಕು. ಮೋಟಾರಿಗೆ ಸಂಬಂಧಪಟ್ಟದ್ದು ಅದೊಂದೇ.