‘ಆಫ್’ ಆದಾಗ ಹೊಡೆದುಕೊಳ್ಳುವ ಅಲಾರಂ

ಲೈಟು ‘ವೆಂಟ್ ಆಫ್’ ಎಂದರೆ ಆರಿತು. ಅಲಾರಂ ‘ವೆಂಟ್ ಆಫ್’ ಎಂದರೆ ಹೊಡೆದುಕೊಂಡಿತು. ಬ್ರಿಟನ್ನಿನ ಅಡುಗೆಮನೆಯಲ್ಲಿ ಹಾಲು ‘ವೆಂಟ್ ಆಫ್’ ಎಂದರೆ ಕೆಟ್ಟುಹೋಯಿತು. ಬಿಡಿಬಿಡಿಯಾಗಿ ನೋಡಿದರೆ ಎರಡೂ ಒಂದನೇ ತರಗತಿಯ ಪದಗಳು, ಜೊತೆಯಾದರೆ ಪದವೀಧರರೂ ತಡವರಿಸುತ್ತಾರೆ. ಇಂಥ ಜೋಡಿಗಳಿಗೆ ಫ್ರೇಸಲ್ ವರ್ಬ್ ಎಂದು ಹೆಸರು. ಪರಭಾಷಿಕರನ್ನು ಹೆಚ್ಚು ಕಾಡುವುದು ಇವೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ, ತಮ್ಮ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ ಬರೆದಿದ್ದರು.

ಕನ್ನಡಿಗರಿಗೆ ಮಾತ್ರ ಇದು ತೀರಾ ಹೊಸ ವಿದ್ಯೆಯೇನಲ್ಲ. ‘ತಿಂದ’ ಮತ್ತು ‘ತಿಂದುಬಿಟ್ಟ’ ಇವುಗಳ ವ್ಯತ್ಯಾಸ ನಮಗೆ ಯಾರೂ ಹೇಳಿಕೊಟ್ಟಿಲ್ಲ. ತಿಂದುಬಿಟ್ಟವನು ಏನನ್ನೂ ಬಿಟ್ಟಿರುವುದಿಲ್ಲ! ಕೆಲಸ ಮುಗಿದೇ ಹೋಯಿತು ಎಂಬ ಭಾವವನ್ನಷ್ಟೇ ‘ಬಿಡು’ ತರುತ್ತದೆ. ಇಂಗ್ಲಿಷಿನ ‘ಅಪ್’ ಬಹಳ ಕಡೆ ಮಾಡುವುದು ಇದೇ ಕೆಲಸ: ‘ಈಟ್ ಅಪ್’ ಎಂದರೆ ತಟ್ಟೆ ಖಾಲಿಯಾಗುವಂತೆ ತಿನ್ನುವುದು, ‘ಯೂಸ್ ಅಪ್’ ಎಂದರೆ ಬಳಸಿ ಮುಗಿಸುವುದು. ಅಲ್ಲಿ ‘ಮೇಲೆ’ ಎಂಬ ಅರ್ಥ ಹುಡುಕಿದರೆ ಸಿಗದು. ಅಂಗಡಿಯಲ್ಲಿ ಅಂಗಿ ‘ಹಾಕಿ ನೋಡು’ ಎನ್ನುತ್ತೇವಲ್ಲ, ಅದೇ ‘ಟ್ರೈ ಆನ್’.

‘ಆಫ್’ಗೆ ಬೇರ್ಪಡುವ, ದೂರ ಸರಿಯುವ ಗುಣ. ವಿಮಾನ ‘ಟೇಕ್ ಆಫ್’ ಆದರೆ ನೆಲ ಬಿಡುತ್ತದೆ, ಸಭೆಯನ್ನು ‘ಪುಟ್ ಆಫ್’ ಮಾಡಿದರೆ ಮುಂದೆ ಹೋಗುತ್ತದೆ, ‘ಕಾಲ್ ಆಫ್’ ಮಾಡಿದರೆ ರದ್ದಾಗುತ್ತದೆ. ‘ಔಟ್’ ವಿಷಯವನ್ನು ಬಯಲಿಗೆ ತರುತ್ತದೆ: ‘ಫೈಂಡ್ ಔಟ್’, ‘ಪಾಯಿಂಟ್ ಔಟ್’. ಅಲಾರಂ ಈ ಲೆಕ್ಕಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ಅಂಥವಕ್ಕೆ ಕಾರಣ ಹುಡುಕುತ್ತ ಕೂರುವ ಬದಲು ಬಾಯಿಪಾಠ ಮಾಡುವುದೇ ವಾಸಿ.

ನಮ್ಮ ತೊಡಕಿಗೆ ಪಠ್ಯಪುಸ್ತಕವೂ ಕಾರಣ. ಅಲ್ಲಿ ನಾವು ಕಲಿಯುವುದು ಪೋಸ್ಟ್‌ಪೋನ್, ಟಾಲರೇಟ್, ಇನ್ವೆಸ್ಟಿಗೇಟ್. ಲ್ಯಾಟಿನ್ ಮೂಲದ ಈ ಬಗೆಯ ಪದಗಳು ಇಂಗ್ಲಿಷಿನ ಗ್ರಾಂಥಿಕ ಬಳಕೆಗೆ ಸೇರಿದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳಲ್ಲಿ ಲ್ಯಾಟಿನ್ನಿನಿಂದಲೇ ಹುಟ್ಟಿದ ಫ್ರೆಂಚ್ ನೆಲೆಸಿ, ಇಂಥ ಪದಗಳಿಗೆ ದೊಡ್ಡ ಬಾಗಿಲು ತೆರೆಯಿತು. ಮನೆಮಾತಿನಲ್ಲಿ ಇಂದಿಗೂ ಕೇಳುವುದು ‘ಪುಟ್ ಆಫ್’, ‘ಪುಟ್ ಅಪ್ ವಿತ್’, ‘ಲುಕ್ ಇಂಟು’. ನಮ್ಮಲ್ಲೂ ಪತ್ರದಲ್ಲಿ ಸಹಿಸುತ್ತೇವೆ, ಮನೆಯಲ್ಲಿ ತಾಳಿಕೊಳ್ಳುತ್ತೇವೆ.

ಪದಗಳ ಜಾಗದ ವಿಷಯಕ್ಕೆ ಬಂದರೆ, ‘ಪುಟ್ ಆಫ್ ದ ಮೀಟಿಂಗ್’ ಸರಿ, ‘ಪುಟ್ ದ ಮೀಟಿಂಗ್ ಆಫ್’ ಕೂಡ ಸರಿ. ಆದರೆ ‘ಇಟ್’, ‘ದೆಮ್’ನಂಥ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’. ‘ಲುಕ್ ಆಫ್ಟರ್’ ಮಾತ್ರ ಬಿಡಿಸಲಾಗದ ಜೋಡಿ, ‘ಲುಕ್ ಆಫ್ಟರ್ ಹರ್’ ಎಂದೇ ಹೇಳಬೇಕು. ಯಾವುದನ್ನು ಬಿಡಿಸಬಹುದು, ಯಾವುದನ್ನು ಬಿಡಿಸಲಾಗದು ಎಂದು ತಿಳಿಯಲು ಕಲಿಯುವವರಿಗಾಗಿ ಮಾಡಿದ ಆಕ್ಸ್‌ಫರ್ಡ್ ನಿಘಂಟು ನೋಡಿ. ‘ಪುಟ್ ಸಂಥಿಂಗ್ ಆಫ್’ ಎಂದು ‘ಸಂಥಿಂಗ್’ ನಡುವೆ ಇದ್ದರೆ ಬಿಡಿಸಬಹುದು.

ನಮ್ಮ ದೇಶದಲ್ಲಿ ಚಾಲ್ತಿಯಲ್ಲಿರುವ ಕೆಲವು ಬಳಕೆಗಳೂ ಇವೆ. ‘ಕೋಪ್ ಅಪ್ ವಿತ್’ ಎನ್ನುವಾಗ ‘ಕೀಪ್ ಅಪ್ ವಿತ್’ನ ಸಹವಾಸದಿಂದಲೋ ಏನೋ ಒಂದು ‘ಅಪ್’ ಸುಮ್ಮನೆ ಸೇರಿಕೊಂಡಿದೆ, ‘ಕೋಪ್ ವಿತ್’ ಸಾಕು. ಕಾಲೇಜು ಮುಗಿಸಿದ್ದಕ್ಕೆ ನಾವು ಹೇಳುವ ‘ಪಾಸ್ಡ್ ಔಟ್’ ಇನ್ನೂ ಅಪಾಯಕಾರಿ. ಅಮೆರಿಕದ ಸಂದರ್ಶಕನ ಎದುರು ಹಾಗೆಂದರೆ ಆತ ಮೊದಲು ಕೇಳಿಸಿಕೊಳ್ಳುವುದು ‘ಪ್ರಜ್ಞೆ ತಪ್ಪಿ ಬಿದ್ದೆ’ ಎಂದು. ಅಲ್ಲಿ ‘ಗ್ರಾಜುಯೇಟೆಡ್’ ಎನ್ನಿ.